ಪೊಲೀಸರ ಎದೆ ಮೇಲೆ ಕ್ಯಾಮೆರಾ ಬಂದ ಮೇಲೆ ಮಾತು ಸುಧಾರಿಸುತ್ತದಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಹೋದ ತಿಂಗಳು ಅಡಿಕೆ ಮಂಡಿ ಕೆಲಸಕ್ಕೆ ಅಪ್ಪ ಮತ್ತು ನಾನು ಬೈಕಿನಲ್ಲಿ ಶಿವಮೊಗ್ಗಕ್ಕೆ ಹೋಗುತ್ತಿದ್ದೆವು. ಓಡಿಸುತ್ತಿದ್ದವರು ಅಪ್ಪ. ಊರು ಹತ್ತಿರ ಬಂದಾಗ ಪೊಲೀಸರು ತಡೆದರು. ಅವರ ಎದೆ ಮೇಲೆ ಒಂದು ಕ್ಯಾಮೆರಾ, ಅದರಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಸಾಹೇಬರು ಬೈಯಲಿಲ್ಲ, ಬಹುವಚನದಲ್ಲೇ ಮಾತಾಡಿದರು. ಆದರೆ ಪಾಠ ಒಪ್ಪಿಸಿದ ಹಾಗಿತ್ತು. ಅಪ್ಪ ಮಾತ್ರ ಕ್ಯಾಮೆರಾ ನೋಡಿದ ತಕ್ಷಣ ಬಾಯಿ ಕಟ್ಟಿದವರಂತೆ ನಿಂತುಬಿಟ್ಟರು. ಲೈಸೆನ್ಸ್ ಯಾಕೆ ಮನೆಯಲ್ಲಿ ಬಿಟ್ಟು ಬಂದೆ ಅಂತ ಹೇಳುವುದಕ್ಕೂ ಅವರಿಗೆ ಆಗಲಿಲ್ಲ. ಈ ಕ್ಯಾಮೆರಾದಿಂದ ಪೊಲೀಸರ ಮತ್ತು ನಮ್ಮ ನಡುವಿನ ಮಾತು ನಿಜಕ್ಕೂ ಸುಧಾರಿಸುತ್ತದಾ? ನಾವೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಬಹುದಾ? ಅವರ ವಿಡಿಯೋ ಬೇಕಿದ್ದರೆ ನಮಗೆ ಸಿಗುತ್ತದಾ?

ಉತ್ತರ: ಸುಧಾರಿಸಬಹುದು. ಆದರೆ ಕ್ಯಾಮೆರಾ ಸಿಕ್ಕಿಸಿಕೊಂಡ ಮಾತ್ರಕ್ಕೆ ಸುಧಾರಿಸುವುದಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಎದ್ದು ಕಂಡದ್ದು ಅಲ್ಲಿ ಇಲ್ಲದ ಒಂದು ಮಾತು. ಕ್ಯಾಮೆರಾ ಆನ್ ಆಗಿದೆ, ಇಂಥ ಕಾರಣಕ್ಕೆ ಆನ್ ಮಾಡಿದ್ದೇವೆ ಅಂತ ನಿಮ್ಮ ತಂದೆಯವರಿಗೆ ಯಾರೂ ಹೇಳಿದ ಹಾಗೆ ಕಾಣುವುದಿಲ್ಲ. ಅದನ್ನು ಮೊದಲೇ ಹೇಳಿದರೆ ಮಾತುಕತೆ ಒಂದು ದಾರಿ ಹಿಡಿಯುತ್ತದೆ, ಹೇಳದಿದ್ದರೆ ಇನ್ನೊಂದು ದಾರಿ. ನಾನು ಮಲೆನಾಡಿನ ಠಾಣೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗ ಹೊಸಬರಿಗೆ ಜನರ ಜೊತೆ ಮಾತಾಡುವ ಬಗ್ಗೆ ಪಾಠ ಹೇಳುತ್ತೇನೆ. ಹಾಗಾಗಿ ಲಾಠಿ ಹಿಡಿದವರ ಕಷ್ಟವನ್ನೂ ರಸ್ತೆ ಬದಿ ನಿಂತವರ ಕಷ್ಟವನ್ನೂ ಹತ್ತಿರದಿಂದ ಕೇಳಿದ್ದೇನೆ.

ಮೊದಲು ಬೇರೆ ಕಡೆ ಏನಾಯಿತು ನೋಡೋಣ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಿಯಾಲ್ಟೊ ಅಂತ ಒಂದು ಊರು. 2012ರಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥ ಟೋನಿ ಫರಾರ್ ಅವರು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಬರಾಕ್ ಏರಿಯಲ್ ಅವರ ಜೊತೆ ಸೇರಿ ಒಂದು ಪ್ರಯೋಗ ಶುರು ಮಾಡಿದರು. ಯಾವ ಪಾಳಿಯವರು ಕ್ಯಾಮೆರಾ ಹಾಕಬೇಕು, ಯಾವ ಪಾಳಿಯವರು ಹಾಕಬಾರದು ಅನ್ನುವುದನ್ನು ಚೀಟಿ ಎತ್ತುವ ಥರ ಯಾದೃಚ್ಛಿಕವಾಗಿ ಆರಿಸಿದರು. ಒಂದು ವರ್ಷದ ಕೊನೆಗೆ ಲೆಕ್ಕ ನೋಡಿದರೆ, ಕ್ಯಾಮೆರಾ ಇದ್ದ ಪಾಳಿಗಳಲ್ಲಿ ಪೊಲೀಸರು ಬಲಪ್ರಯೋಗ ಮಾಡಿದ್ದು ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ. ಹಿಂದಿನ ವರ್ಷಕ್ಕೆ ಹೋಲಿಸಿದರೆ ಪೊಲೀಸರ ಮೇಲಿನ ದೂರುಗಳು ಸುಮಾರು ಶೇ. 90ರಷ್ಟು ಇಳಿದಿದ್ದವು. ಈ ಫಲಿತಾಂಶ ಹೊರಬಂದ ಮೇಲೆ ಹಲವು ದೇಶಗಳಲ್ಲಿ ಕ್ಯಾಮೆರಾ ಕೊಳ್ಳುವ ಮಾತು ಜೋರಾಯಿತು.

ಆಮೇಲೆ ವಾಷಿಂಗ್ಟನ್ ಡಿ.ಸಿ.ಯಲ್ಲಿ 2,000ಕ್ಕೂ ಹೆಚ್ಚು ಪೊಲೀಸರನ್ನು ಸೇರಿಸಿಕೊಂಡು ಇದೇ ಥರದ ದೊಡ್ಡ ಅಧ್ಯಯನ ನಡೆಯಿತು. 2017ರಲ್ಲಿ ಫಲಿತಾಂಶ ಬಂತು. ಕ್ಯಾಮೆರಾ ಹಾಕಿದವರಿಗೂ ಹಾಕದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲೇ ಇಲ್ಲ. ಬಲಪ್ರಯೋಗದಲ್ಲೂ ಇಲ್ಲ, ದೂರುಗಳಲ್ಲೂ ಇಲ್ಲ.

ಒಂದು ಕಡೆ ಅಷ್ಟು, ಇನ್ನೊಂದು ಕಡೆ ಏನೂ ಇಲ್ಲ. ಗೊಂದಲ ಆಗುತ್ತದೆ ಅಲ್ವಾ? ಇದಕ್ಕೆ ಒಂದು ಸುಳಿವು ಏರಿಯಲ್ ಅವರ ತಂಡವೇ 2016ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಇದೆ. ಹಲವು ಊರುಗಳ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಅವರು ನೋಡಿದರು. ಮಾತುಕತೆಯ ಶುರುವಿನಿಂದಲೇ ಕ್ಯಾಮೆರಾ ಆನ್ ಇಟ್ಟು, ಎದುರಿನವರಿಗೂ ಅದನ್ನು ತಿಳಿಸಿದ ಕಡೆ ಬಲಪ್ರಯೋಗ ಶೇ. 37 ಇಳಿದಿತ್ತು. ಬೇಕೆನಿಸಿದಾಗ ಆನ್, ಬೇಡವೆನಿಸಿದಾಗ ಆಫ್ ಮಾಡಿದ ಕಡೆ ಶೇ. 71 ಏರಿತ್ತು. ಕ್ಯಾಮೆರಾ ಎರಡೂ ಕಡೆ ಇತ್ತು. ಬಟನ್ ಒತ್ತಿದ ಹೊತ್ತು ಬೇರೆ, ಅಷ್ಟೇ.

ನಮ್ಮ ರಸ್ತೆಗಳ ಮೇಲೆ ನಿಂತು ಕೆಲಸ ಮಾಡಿದವರಿಗೆ ಇದು ಯಾಕೆ ಹೀಗೆ ಅಂತ ಅರ್ಥವಾಗುತ್ತದೆ. ಶಿವಮೊಗ್ಗದ ಅಮೀರ್ ಅಹ್ಮದ್ ಸರ್ಕಲ್‌ನಲ್ಲಿ ಸಂಜೆ ಹೊತ್ತು ಒಬ್ಬ ಆಟೋದವನ ಜೊತೆ ಮಾತಿಗೆ ಮಾತು ಬೆಳೆಯಿತು ಅಂತ ಇಟ್ಟುಕೊಳ್ಳಿ. ಅವನ ದನಿ ಏರಿದ ಮೇಲೆ ಪೊಲೀಸರು ಎದೆ ಮೇಲಿನ ಬಟನ್ ಒತ್ತಿ, "ಈಗ ಮಾತಾಡು, ರೆಕಾರ್ಡ್ ಆಗ್ತಿದೆ" ಅಂದರೆ ಅವನಿಗೆ ಅದು ಬೆದರಿಕೆಯಾಗಿಯೇ ಕೇಳಿಸುತ್ತದೆ. ಅವನು ಇನ್ನೂ ಕೆರಳುತ್ತಾನೆ, ಇಲ್ಲವೇ ಕುಗ್ಗುತ್ತಾನೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ರೆಕಾರ್ಡ್ ಶುರುವಾಗುವುದೇ ಅವನು ಕೂಗಾಡುವ ಕ್ಷಣದಿಂದ. ಅವನಿಗೆ ಸಿಟ್ಟು ಬರಿಸಿದ್ದು ಯಾವ ಮಾತು ಅನ್ನುವುದು ಎಲ್ಲೂ ಉಳಿಯುವುದಿಲ್ಲ. ಕೆಲವು ಕ್ಯಾಮೆರಾಗಳು ಬಟನ್ ಒತ್ತುವ ಮೊದಲಿನ 30 ಸೆಕೆಂಡ್ ದೃಶ್ಯವನ್ನು ತಾವಾಗಿಯೇ ಉಳಿಸಿಕೊಳ್ಳುತ್ತವೆ. ಆದರೆ ಆ ತುಣುಕಿನಲ್ಲಿ ಸಾಮಾನ್ಯವಾಗಿ ದನಿ ಇರುವುದಿಲ್ಲ. ಜಗಳ ಹುಟ್ಟಿದ್ದೇ ಮಾತಿನಿಂದ ಆಗಿದ್ದರೆ, ದನಿ ಇಲ್ಲದ ದೃಶ್ಯದಿಂದ ಏನು ಗೊತ್ತಾಗುತ್ತದೆ?

ಹಾಗಾಗಿ ಮೊದಲ ಅರ್ಧ ನಿಮಿಷ ತುಂಬಾ ಮುಖ್ಯ. ಇದನ್ನು ಸುಮ್ನೆ ಅನುಭವದ ಮೇಲೆ ಹೇಳುತ್ತಿಲ್ಲ. ಅಮೆರಿಕದ ಒಂದು ನಗರದಲ್ಲಿ ಕಪ್ಪು ಜನಾಂಗದ ಚಾಲಕರನ್ನು ಪೊಲೀಸರು ತಡೆದ 577 ಪ್ರಕರಣಗಳ ಬಾಡಿ ಕ್ಯಾಮೆರಾ ರೆಕಾರ್ಡಿಂಗ್ ಇಟ್ಟುಕೊಂಡು ಮಾಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಪೊಲೀಸರು ಆಡಿದ ಮೊದಲ 45 ಪದಗಳನ್ನು ಮಾತ್ರ ಅವರು ನೋಡಿದರು. ಅಂದರೆ ಸುಮಾರು 27 ಸೆಕೆಂಡ್. ಕೊನೆಗೆ ಕೈಕೋಳ, ತಪಾಸಣೆ ಅಥವಾ ಬಂಧನದವರೆಗೆ ಹೋದ ಪ್ರಕರಣಗಳಲ್ಲಿ ಪೊಲೀಸರು ಶುರುವಿನಲ್ಲೇ ಆಜ್ಞೆ ಮಾಡಿದ್ದು ಜಾಸ್ತಿ, ತಡೆದ ಕಾರಣ ಹೇಳಿದ್ದು ಕಡಿಮೆ.

ಇದಕ್ಕೂ ಮೊದಲು, 2017ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆನಿಫರ್ ಎಬರ್‌ಹಾರ್ಟ್, ಡ್ಯಾನ್ ಜುರಾಫ್‌ಸ್ಕಿ ಮತ್ತು ಅವರ ಜೊತೆಗಾರರು ಓಕ್‌ಲ್ಯಾಂಡ್ ನಗರದ 981 ವಾಹನ ತಡೆಗಳ ರೆಕಾರ್ಡಿಂಗ್ ಕೇಳಿ ಒಂದು ವರದಿ ಕೊಟ್ಟಿದ್ದರು. ಪೊಲೀಸರು ಬಿಳಿಯರ ಜೊತೆ ಮಾತಾಡುವಾಗ ತೋರುವ ಗೌರವವನ್ನು ಕಪ್ಪು ಜನರ ಜೊತೆ ತೋರುತ್ತಿರಲಿಲ್ಲ. ಬೈಗುಳದಿಂದ ಗೊತ್ತಾದ ವಿಷಯ ಅಲ್ಲ ಇದು. ಹೇಗೆ ಕರೆದರು, ಕ್ಷಮೆ ಕೇಳಿದರಾ, ಧೈರ್ಯ ಹೇಳಿದರಾ, ಇಂಥ ಸಣ್ಣ ಸಣ್ಣ ವಿಷಯಗಳಿಂದ ಗೊತ್ತಾಗಿದ್ದು. ಎಲ್ಲರೂ ಒಂದೇ ಇಲಾಖೆಯ ಪೊಲೀಸರು. ಎಲ್ಲರ ಮೇಲೂ ಕ್ಯಾಮೆರಾ ಇತ್ತು. ಆದರೂ ಮಾತು ಸಮನಾಗಿರಲಿಲ್ಲ.

ಇದನ್ನು ಓದಿದಾಗ ನನಗೆ ನಮ್ಮ ಕಡೆಯ ಏಕವಚನ ನೆನಪಾಯಿತು. ಕಾರಿನಿಂದ ಇಳಿದವರಿಗೆ "ಸರ್, ಡಾಕ್ಯುಮೆಂಟ್ಸ್ ತೋರ್ಸಿ", ಹಳೇ ಲೂನಾದಲ್ಲಿ ಗೊಬ್ಬರದ ಚೀಲ ಇಟ್ಟುಕೊಂಡು ಬಂದವರಿಗೆ "ಏಯ್, ನಿಲ್ಸೋ". ಎಷ್ಟೋ ಕಡೆ ಜನ ದಂಡ ಕಟ್ಟಿದ್ದನ್ನು ಮರೆಯುತ್ತಾರೆ, ಮಗನ ವಯಸ್ಸಿನವನು ಏಕವಚನದಲ್ಲಿ ಕರೆದಿದ್ದನ್ನು ಮರೆಯುವುದಿಲ್ಲ. ಈ ವಿಷಯದಲ್ಲಿ ಕ್ಯಾಮೆರಾ ಖಂಡಿತ ಕೆಲಸ ಮಾಡುತ್ತದೆ. ನಿಮ್ಮನ್ನು ತಡೆದವರು ಬಹುವಚನ ಬಿಡಲಿಲ್ಲ ಅಂದಿರಲ್ಲ, ಅದರಲ್ಲಿ ಕ್ಯಾಮೆರಾದ ಪಾಲು ಇದ್ದರೂ ಇರಬಹುದು. ಅದನ್ನು ನಾನು ಸಣ್ಣದು ಅಂತ ಎಣಿಸುವುದಿಲ್ಲ. ಟರ್ಕಿಯ ಎಸ್ಕಿಶೆಹಿರ್ ನಗರದಲ್ಲಿ ಸಂಚಾರ ಪೊಲೀಸರು ತಡೆದ ಚಾಲಕರನ್ನೇ ಕೇಳಿ ನೋಡಿದಾಗ, ಕ್ಯಾಮೆರಾ ಹಾಕಿದ ಪೊಲೀಸರು ತಮ್ಮ ಜೊತೆ ಹೆಚ್ಚು ನ್ಯಾಯವಾಗಿ ನಡೆದುಕೊಂಡರು ಅನ್ನುವ ಅಭಿಪ್ರಾಯ ಸಿಕ್ಕಿತು. ದಂಡ ಬಿದ್ದರೂ ಮರ್ಯಾದೆ ಉಳಿದರೆ ಜನ ಒಪ್ಪಿಕೊಳ್ಳುತ್ತಾರೆ.

ಹಾಗಾದರೆ ನಿಮ್ಮಪ್ಪನವರ ಬಾಯಿ ಯಾಕೆ ಕಟ್ಟಿತು? ಬಹುವಚನ ಇತ್ತು, ಕಾರಣ ಇರಲಿಲ್ಲ. ದೀಪ ಉರಿಯುತ್ತಿತ್ತು, ಅದೇನು ಅಂತ ಹೇಳಿದವರಿಲ್ಲ. ನಾನು ಹೊಸಬರಿಗೆ ಹೇಳಿಕೊಡುವ ಶುರುವಿನ ಮಾತು ಹೀಗಿರುತ್ತದೆ. ಸಕ್ರೆಬೈಲು ದಾಟಿ ಬರುತ್ತಿರುವ ಬೈಕ್ ತಡೆದಿದ್ದೀರಿ ಅಂದುಕೊಳ್ಳಿ: "ನಮಸ್ಕಾರ ಯಜಮಾನ್ರೇ. ಹಿಂದೆ ಕೂತವರಿಗೆ ಹೆಲ್ಮೆಟ್ ಇಲ್ಲ, ಅದಕ್ಕೆ ನಿಲ್ಲಿಸಿದ್ದು. ಇದು ಕ್ಯಾಮೆರಾ, ನಾವಿಬ್ಬರೂ ಮಾತಾಡೋದು ಇದರಲ್ಲಿ ರೆಕಾರ್ಡ್ ಆಗುತ್ತೆ, ಗಾಬರಿ ಬೇಡ. ಲೈಸೆನ್ಸ್ ಇದ್ರೆ ತೋರ್ಸಿ." ಹತ್ತು ಹದಿನೈದು ಸೆಕೆಂಡ್ ಸಾಕು. ಇದರಲ್ಲಿ ಕಾರಣ ಬಂತು, ಕ್ಯಾಮೆರಾದ ವಿಷಯ ಬಂತು, ಧೈರ್ಯವೂ ಬಂತು. ಆಮೇಲೆ ದಾಖಲೆ ಕೇಳಿದ್ದು. ಈ ಕ್ರಮ ತಪ್ಪಿ ಮೊದಲೇ "ಲೈಸೆನ್ಸ್ ತೆಗೀರಿ" ಅಂದರೆ, ಎಷ್ಟು ಮೆತ್ತಗೆ ಹೇಳಿದರೂ ಎದುರಿನವರು ತಪ್ಪಿತಸ್ಥರಾಗಿಯೇ ನಿಲ್ಲುತ್ತಾರೆ.

ಅಂದಹಾಗೆ, ಕಣ್ಣಿಗೆ ಕಾಣುವ ನಿಯಮ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡುವುದಕ್ಕೆ ವಾಹನ ತಡೆಯಬಾರದು ಅಂತ 2022ರಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಅವರು ಸ್ಪಷ್ಟವಾಗಿ ಹೇಳಿದ್ದರು. ಕುಡಿದು ಓಡಿಸುವವರ ತಪಾಸಣೆಗೆ ಮಾತ್ರ ವಿನಾಯಿತಿ. ಹಾಗಾಗಿ "ಯಾಕೆ ನಿಲ್ಲಿಸಿದಿರಿ ಸರ್?" ಅಂತ ಕೇಳುವುದು ಉದ್ಧಟತನ ಆಗುವುದಿಲ್ಲ. ಲೈಸೆನ್ಸ್ ಮನೆಯಲ್ಲಿ ಉಳಿದಿದ್ದರೆ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ಇರುವುದನ್ನು ತೋರಿಸಿದರೂ ಸಾಕು. ತಂದೆಯವರ ಫೋನಿನಲ್ಲಿ ಅದನ್ನು ಹಾಕಿಕೊಡಿ.

ಈಗ ಬಾಯಿ ಕಟ್ಟುವ ವಿಷಯಕ್ಕೆ ಬರುತ್ತೇನೆ. ಇದು ನನ್ನನ್ನು ಜಾಸ್ತಿ ಕಾಡುವ ಭಾಗ. ಕ್ಯಾಮೆರಾದ ಬಗ್ಗೆ ಚರ್ಚೆ ಆಗುವಾಗ ಪೊಲೀಸರ ನಡತೆ ಸುಧಾರಿಸಿತಾ ಅಂತ ಮಾತ್ರ ಕೇಳುತ್ತಾರೆ. ಎದುರಿನವರ ಮಾತು ಏನಾಯಿತು ಅಂತ ಕೇಳುವವರು ಕಡಿಮೆ.

ಮಲೆನಾಡಿನಲ್ಲಿ ಪೊಲೀಸ್ ಕೆಲಸ ನಡೆಯುವುದೇ ಮಾತಿನ ಮೇಲೆ. ಇಲ್ಲಿ ಮನೆಗಳು ದೂರ ದೂರ. ಒಂದು ಮನೆಯಿಂದ ಇನ್ನೊಂದಕ್ಕೆ ತೋಟ ದಾಟಿ, ಹಳ್ಳ ದಾಟಿ ಹೋಗಬೇಕು. ಬೀಟ್ ಪೊಲೀಸ್ ಊರಿನ ಅಂಗಡಿ ಮುಂದೆ ಟೀ ಕುಡಿಯುತ್ತಾ ನಿಂತಾಗ ಯಾರೋ ಪಕ್ಕಕ್ಕೆ ಬಂದು ಹೇಳುತ್ತಾರೆ, ಆ ಕಡೆ ಓಸಿ (ಮಟ್ಕಾ ಜೂಜು) ಬರೆಯುವುದು ಮತ್ತೆ ಶುರುವಾಗಿದೆ, ರಾತ್ರಿ ಒಂದು ಪಿಕಪ್ ಬಂದು ಹೋಯಿತು, ಯಾರದೋ ಕಣದಿಂದ ಅಡಿಕೆ ಹೋಗಿದೆ ಅಂತ. ಹೇಳಿದವರ ಹೆಸರು ಹೊರಗೆ ಬರುವುದಿಲ್ಲ ಅನ್ನುವ ನಂಬಿಕೆಯ ಮೇಲೆ ನಡೆಯುವ ಮಾತು ಅದು. ಎದೆ ಮೇಲೆ ಕೆಂಪು ದೀಪ ಉರಿಯುತ್ತಿದ್ದರೆ ಯಾರು ಬಂದು ಹೇಳುತ್ತಾರೆ? ಅದೇ ಊರಿನಲ್ಲಿ ಅವರೂ ಬದುಕಬೇಕಲ್ಲ. ಇಂಥ ಮಾತಿಗೆ ಕ್ಯಾಮೆರಾ ಬೇಡ. ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಅನ್ನುವುದನ್ನು ಇಲಾಖೆ ಬರೆದಿಟ್ಟು, ಜನರಿಗೂ ತಿಳಿಸಬೇಕು. ತಡೆ, ತಪಾಸಣೆ, ಬಂಧನ, ಗಲಾಟೆ, ಜನರನ್ನು ಚದುರಿಸುವುದು, ಇವಕ್ಕೆ ಶುರುವಿನಿಂದ ಕೊನೆವರೆಗೂ ಬೇಕೇ ಬೇಕು. ಟೀ ಅಂಗಡಿಯ ಮಾತಿಗೆ ಬೇಡ.

ಭಾಷೆಯ ಸಮಸ್ಯೆಯೂ ಇದೆ. ಶಿಕಾರಿಪುರದ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಭದ್ರಾವತಿಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮನೆಗಳು ಬಹಳ. ಕನ್ನಡ ಅಷ್ಟಾಗಿ ಸರಾಗವಿಲ್ಲದ ಅಜ್ಜಿಯೊಬ್ಬರು ಮೊದಲೇ ತಡವರಿಸುತ್ತಾರೆ. ರೆಕಾರ್ಡ್ ಆಗುತ್ತಿದೆ ಅಂದಾಗ ಇನ್ನೂ ತಡವರಿಸುತ್ತಾರೆ. ಆಮೇಲೆ ಕಚೇರಿಯಲ್ಲಿ ಕೂತು ವಿಡಿಯೋ ನೋಡಿದವರು, "ಸರಿಯಾಗಿ ಉತ್ತರ ಕೊಡ್ತಾ ಇಲ್ಲ, ಏನೋ ಮುಚ್ಚಿಡ್ತಾರೆ" ಅಂದುಕೊಳ್ಳುವ ಅಪಾಯ ಇದೆ. ತಡವರಿಕೆ ತಪ್ಪಿನ ಗುರುತಲ್ಲ. ಇದನ್ನು ವಿಡಿಯೋ ನೋಡುವ ಅಧಿಕಾರಿಗಳಿಗೂ ಹೇಳಿಕೊಡಬೇಕಾಗಿದೆ.

ಗಂಡನ ಹೊಡೆತ ತಾಳಲಾರದೆ 112ಕ್ಕೆ ಫೋನ್ ಮಾಡಿದ ಹೆಣ್ಣುಮಗಳ ಮನೆಗೆ ಹೋದಾಗ ಇದು ಇನ್ನೂ ಸೂಕ್ಷ್ಮ. ಬಾಗಿಲ ಹತ್ತಿರ ಗಲಾಟೆ ನಡೆಯುತ್ತಿದ್ದರೆ ಕ್ಯಾಮೆರಾ ಇರಲಿ. ಅವಳು ಒಳಗೆ ಕೂತು ಮನಸ್ಸು ಬಿಚ್ಚಿ ಮಾತಾಡುವಾಗ ಅವಳನ್ನೇ ಕೇಳಬೇಕು. ಬೇಡ ಅಂದರೆ ಸುಮ್ನೆ ಆಫ್ ಮಾಡಬಾರದು. "ಇವರು ಬೇಡ ಅಂದಿದ್ದಾರೆ, ಅದಕ್ಕೆ ನಿಲ್ಲಿಸುತ್ತಿದ್ದೇನೆ" ಅಂತ ಕ್ಯಾಮೆರಾದ ಮುಂದೆ ಹೇಳಿ ಆಫ್ ಮಾಡಬೇಕು. ಆಗ ಅವಳ ಮಾತಿಗೂ ರಕ್ಷಣೆ, ಪೊಲೀಸರ ಮೇಲೂ ಅನುಮಾನ ಇಲ್ಲ. ಅತ್ಯಾಚಾರ ಸಂತ್ರಸ್ತೆಯ ಹೇಳಿಕೆಯ ವಿಷಯ ಬೇರೆ. ಅದನ್ನು ಹೇಗೆ ದಾಖಲಿಸಬೇಕು, ಅವರ ಗುರುತನ್ನು ಹೇಗೆ ಕಾಪಾಡಬೇಕು ಅನ್ನುವುದಕ್ಕೆ ಕಾನೂನಿನಲ್ಲೇ ನಿಯಮಗಳಿವೆ.

ಪಾಠ ಒಪ್ಪಿಸಿದ ಹಾಗೆ ಮಾತಾಡಿದರು ಅಂತ ಬರೆದಿದ್ದೀರಿ. ಅದಕ್ಕೂ ಕಾರಣ ಇದೆ. ಕ್ಯಾಮೆರಾ ಹಾಕಿದ ಪೊಲೀಸರಿಗೆ ಮುಂದೆ ನಿಂತವರ ಜೊತೆಗೆ, ಮುಂದೆ ಯಾವತ್ತೋ ಈ ವಿಡಿಯೋ ನೋಡುವ ಸಾಹೇಬರೂ ಕಣ್ಣ ಮುಂದೆ ಇರುತ್ತಾರೆ. ಮಾತು ಅವರ ಕಡೆ ತಿರುಗಿಬಿಡುತ್ತದೆ. ಇದರಿಂದ ಹೋಗುವುದು ಹಳೇ ಪೊಲೀಸರಲ್ಲಿದ್ದ ಒಂದು ಒಳ್ಳೇ ಗುಣ. "ಹೋಗಿ ಮಾರಾಯ್ರೇ, ಇನ್ನೊಂದು ಸಲ ಹೀಗೆ ಬರಬೇಡಿ" ಅಂತ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದವರು, ಈಗ ಬಿಟ್ಟರೆ ನನ್ನನ್ನೇ ಕೇಳುತ್ತಾರೆ ಅಂತ ಯೋಚಿಸಿ ದಂಡ ಬರೆಯುತ್ತಾರೆ. ಅಮೆರಿಕದ ಮೆಸಾ ನಗರದಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದೇ ಕಂಡಿತು. ಕ್ಯಾಮೆರಾ ಹಾಕಿದವರು ತಡೆದು ಜೇಬು ತಡಕುವುದು, ಬಂಧಿಸುವುದು ಕಡಿಮೆಯಾಗಿತ್ತು. ದಂಡದ ನೋಟಿಸ್ ಕೊಡುವುದು ಜಾಸ್ತಿಯಾಗಿತ್ತು. ನನ್ನ ಅಭಿಪ್ರಾಯ ಕೇಳಿದರೆ, ಸಣ್ಣ ತಪ್ಪಿಗೆ ಎಚ್ಚರಿಕೆ ಕೊಟ್ಟು ಕಳಿಸುವುದು ಕರ್ತವ್ಯಲೋಪ ಅಲ್ಲ ಅಂತ ಮೇಲಧಿಕಾರಿಗಳು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಕ್ಯಾಮೆರಾ ಕರುಣೆಯನ್ನೂ ಕಿತ್ತುಕೊಳ್ಳುತ್ತದೆ.

ಕ್ಯಾಮೆರಾ ಎಲ್ಲವನ್ನೂ ನೋಡುತ್ತದೆ ಅನ್ನುವ ನಂಬಿಕೆಯೂ ಬೇಡ. ಎದೆ ಮೇಲಿನ ಕ್ಯಾಮೆರಾಕ್ಕೆ ನಿಮ್ಮ ಮುಖ ಕಾಣುತ್ತದೆ, ಪೊಲೀಸರ ಮುಖ ಕಾಣುವುದಿಲ್ಲ. ಅವರು ಹುಬ್ಬು ಗಂಟಿಕ್ಕಿದ್ದು, ಬೆರಳು ತೋರಿಸಿದ್ದು ಸಿಗುವುದೇ ಅಪರೂಪ. 2019ರ ಒಂದು ಅಧ್ಯಯನದಲ್ಲಿ ಒಂದೇ ಘಟನೆಯ ಎರಡು ವಿಡಿಯೋ ತೋರಿಸಿದರು. ಒಂದು ಪೊಲೀಸ್ ಕಾರಿನ ಮೇಲಿನದ್ದು, ಇನ್ನೊಂದು ಮೈಮೇಲಿನದ್ದು. ಮೈಮೇಲಿನ ಕ್ಯಾಮೆರಾದ ವಿಡಿಯೋ ನೋಡಿದವರಿಗೆ, ಪೊಲೀಸರು ಬೇಕೆಂದೇ ಹಾಗೆ ಮಾಡಿದರು ಅಂತ ಅನ್ನಿಸಿದ್ದು ಕಡಿಮೆ. ಪೊಲೀಸರು ಆ ಚಿತ್ರದಲ್ಲಿ ಕಾಣುವುದೇ ಕಡಿಮೆ ಅನ್ನುವುದು ಅದಕ್ಕೆ ಕಾರಣ. ಹಾಗೆಯೇ "ಸಹಕರಿಸಿ, ಸಹಕರಿಸಿ" ಅಂತ ಬಾಯಲ್ಲಿ ಹೇಳುತ್ತಾ ಕೈಯಲ್ಲಿ ಕಾಲರ್ ಹಿಡಿದರೆ, ದನಿ ಮಾತ್ರ ಕೇಳಿದವರು ಪೊಲೀಸರದ್ದೇ ಸರಿ ಅನ್ನುತ್ತಾರೆ.

ನಮ್ಮ ಮಳೆಯನ್ನೂ ಮರೆಯುವ ಹಾಗಿಲ್ಲ. ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೊಲೀಸರು ರೇನ್‌ಕೋಟ್ ಒಳಗೇ ಇರುತ್ತಾರೆ. ಕ್ಯಾಮೆರಾ ಅದರ ಒಳಗೆ ಸೇರಿದರೆ ಏನೂ ಕಾಣುವುದಿಲ್ಲ. ಹೊರಗೆ ಸಿಕ್ಕಿಸಿದರೆ ಲೆನ್ಸ್ ಮೇಲೆ ನೀರು, ಮೈಕಿನಲ್ಲಿ ಮಳೆಯ ಸದ್ದು. ಘಾಟಿಯ ಮಂಜು ಬೇರೆ. ಬೆಂಗಳೂರಿನ ಸಿಗ್ನಲ್‌ಗೆ ಅಂತ ಕೊಂಡ ಸಾಮಾನನ್ನು ಹಾಗೇ ತಂದು ಆಗುಂಬೆ ಚೆಕ್‌ಪೋಸ್ಟಿನಲ್ಲಿ ಹಾಕಿಕೊಂಡರೆ ಸಾಕ್ಷಿ ಸಿಗುವುದಿಲ್ಲ.

ರಸ್ತೆಯ ತಡೆಯಷ್ಟೇ ಮುಖ್ಯವಾದದ್ದು ಮನೆ ಶೋಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧ ಮತ್ತು ಜಪ್ತಿಯನ್ನು ದೃಶ್ಯ, ದನಿ ಎರಡೂ ಇರುವಂತೆ ರೆಕಾರ್ಡ್ ಮಾಡಲೇಬೇಕು. ಮೊಬೈಲ್‌ನಲ್ಲಿ ಮಾಡಿದರೂ ಆಗುತ್ತದೆ. ಅದನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಅದಕ್ಕೆಂದೇ ಇ-ಸಾಕ್ಷ್ಯ ಅನ್ನುವ ಆ್ಯಪ್ ಇದೆ. ಜಗಲಿಯಲ್ಲಿ ಹೆಂಗಸರು, ಮಕ್ಕಳು ನಿಂತಿರುವಾಗ ಪೊಲೀಸರು ಒಳಗೆ ಹೋಗುವ ಗಳಿಗೆ ಅದು. ಆಗಲೂ ನನ್ನ ಸಲಹೆ ಅದೇ. ರೆಕಾರ್ಡ್ ಶುರು ಮಾಡಿ, ಯಾರು ಬಂದಿದ್ದೇವೆ, ಏನು ಹುಡುಕುತ್ತಿದ್ದೇವೆ, ಇದು ಯಾಕೆ ರೆಕಾರ್ಡ್ ಆಗುತ್ತಿದೆ ಅಂತ ಮನೆಯ ಹಿರಿಯರಿಗೆ ಹೇಳಿ ಆಮೇಲೆ ಹೊಸ್ತಿಲು ದಾಟಬೇಕು. ಠಾಣೆಯ ಒಳಗಿನ ವಿಷಯಕ್ಕೆ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಆದೇಶ ಕೊಟ್ಟಿದೆ. ಪ್ರತಿ ಠಾಣೆಯಲ್ಲೂ ದನಿ ಸಹಿತ ಸಿಸಿಟಿವಿ ಇರಬೇಕು.

ಇನ್ನು ನಿಮ್ಮ ಉಳಿದ ಎರಡು ಪ್ರಶ್ನೆ. ಮೊಬೈಲ್‌ನಲ್ಲಿ ನೀವೂ ರೆಕಾರ್ಡ್ ಮಾಡಬಹುದಾ? ಸಾರ್ವಜನಿಕ ಜಾಗದಲ್ಲಿ ಕರ್ತವ್ಯದ ಮೇಲಿರುವ ಪೊಲೀಸರನ್ನು ಚಿತ್ರೀಕರಿಸಬಾರದು ಅಂತ ನೇರವಾಗಿ ಹೇಳುವ ಕಾನೂನು ಇಲ್ಲ. ಠಾಣೆಯು ಅಧಿಕೃತ ರಹಸ್ಯ ಕಾಯ್ದೆಯ ಪ್ರಕಾರ ನಿಷೇಧಿತ ಸ್ಥಳ ಅಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿದೆ. ಆದರೆ ಅವರ ಕೆಲಸಕ್ಕೆ ಅಡ್ಡಿ ಮಾಡಿದರೆ ಅದು ಅಪರಾಧ. ಮುಖಕ್ಕೆ ಮೊಬೈಲ್ ಹಿಡಿಯಬೇಡಿ. ಎರಡು ಹೆಜ್ಜೆ ಹಿಂದೆ ನಿಂತು, "ಸರ್, ನಾನೂ ರೆಕಾರ್ಡ್ ಮಾಡ್ಕೊಳ್ತಾ ಇದ್ದೀನಿ" ಅಂತ ಮೊದಲೇ ಹೇಳಿ. ಪೊಲೀಸರಿಂದ ಏನು ಬಯಸುತ್ತೇವೋ ಅದು ನಮಗೂ ಅನ್ವಯಿಸುತ್ತದೆ. ಆಮೇಲೆ ಅದನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ಬೇಕಾದ ಕಡೆ ಸಾಕ್ಷಿಯಾಗಿ ಕೊಡಿ.

ಅವರ ವಿಡಿಯೋ ಬೇಕಿದ್ದರೆ ತಡ ಮಾಡಬಾರದು. ಕ್ಯಾಮೆರಾದ ವಿಡಿಯೋಗಳನ್ನು ಎಲ್ಲ ಕಾಲಕ್ಕೂ ಇಟ್ಟುಕೊಳ್ಳುವುದಿಲ್ಲ. ಅವಧಿ ಮುಗಿದ ಮೇಲೆ ಅಳಿಸಿ ಹೋಗುತ್ತವೆ. ಅದಕ್ಕೆ ಮೊದಲು ಎಸ್‌ಪಿ ಕಚೇರಿಗೆ ಒಂದು ಪತ್ರ ಬರೆಯಿರಿ. ದಿನಾಂಕ, ಸಮಯ, ಜಾಗ, ನಿಮ್ಮ ಬೈಕ್ ನಂಬರ್ ಹಾಕಿ, ಆ ಹೊತ್ತಿನ ಬಾಡಿ ಕ್ಯಾಮೆರಾ ರೆಕಾರ್ಡಿಂಗ್ ಅಳಿಸದೆ ಕಾದಿಡಬೇಕು ಅಂತ ಕೇಳಿ. ಸ್ವೀಕೃತಿ ಸೀಲ್ ಹಾಕಿಸಿಕೊಂಡ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಆಮೇಲೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅದಕ್ಕೆ 30 ದಿನದ ಒಳಗೆ ಉತ್ತರ ಬರಬೇಕು. ಬೇರೆಯವರ ಖಾಸಗಿ ವಿವರ ಇದ್ದರೆ ಅಥವಾ ತನಿಖೆಗೆ ಅಡ್ಡಿಯಾಗುತ್ತದೆ ಅಂದರೆ ಕೊಡದೇ ಇರಬಹುದು. ಆದರೂ ಕಾರಣವನ್ನು ಬರೆದು ಕೊಡಬೇಕು. ನಿಮಗೆ ನಿಜಕ್ಕೂ ಅನ್ಯಾಯವಾಗಿದ್ದರೆ ಪೊಲೀಸ್ ದೂರು ಪ್ರಾಧಿಕಾರಕ್ಕೂ ಹೋಗಬಹುದು. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಪ್ರಾಧಿಕಾರ ರಾಜ್ಯ ಮತ್ತು ಜಿಲ್ಲೆ ಎರಡೂ ಮಟ್ಟದಲ್ಲಿ ಇರಬೇಕು ಅಂದಿದೆ. ಅಲ್ಲಿಗೆ ಕೊಡುವ ದೂರಿನ ಜೊತೆ ಆ ಸೀಲ್ ಇರುವ ಪ್ರತಿಯನ್ನೂ ಲಗತ್ತಿಸಿ. ರೆಕಾರ್ಡಿಂಗ್ ಇಲ್ಲ ಅನ್ನುವ ಉತ್ತರ ಬಂದರೆ, ಕೇಳಿದ ಮೇಲೂ ಯಾಕೆ ಉಳಿಸಲಿಲ್ಲ ಅಂತ ಪ್ರಶ್ನಿಸಲು ನಿಮಗೆ ಆಧಾರ ಇರುತ್ತದೆ.